ಬಾಲವಿಲ್ಲದ ಇಲಿ ಮುಷ್ಕರ ಹೂಡಿದರೆ...

ಅರ್ಜಿ ತುಂಬಲು ಅಂದೇ ಕೊನೆಯ ದಿನ. ಸಿಇಟಿ ಬರೆದ ಹುಡುಗಿ ಕಾಲೇಜುಗಳ ಆಯ್ಕೆಪಟ್ಟಿಯನ್ನು ಒಂದೊಂದಾಗಿ ನಮೂದಿಸುತ್ತಿರುವಾಗ ಪರದೆಯ ಮೇಲಿನ ಬಾಣದ ಗುರುತು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಮೌಸನ್ನು ಎತ್ತಿ ಅಲುಗಾಡಿಸಿದರೂ ಇಲ್ಲ, ಮೇಜಿನ ಮೇಲೆ ಕುಟ್ಟಿದರೂ ಇಲ್ಲ. ‘ಹಗಲೂ ರಾತ್ರಿ ಆಟ ಆಡಿ ಹಾಳು ಮಾಡಿದಿರಿ’ ಎಂದು ತಂದೆ ಗದರುತ್ತಾರೆ. ‘ಬೈದರೇನು ಬಂತು, ಹೊಸದು ತನ್ನಿ’ ಎಂದು ತಾಯಿ ಹೇಳುತ್ತಾರೆ. ತಮ್ಮನ ಮುಖ ಸಣ್ಣದಾಗುತ್ತದೆ. ನಿಸ್ತಂತು ಮೌಸ್ ಮತ್ತು ಕೀಲಿಮಣೆ ಇರುವ ಮನೆಗಳಲ್ಲಿ ಇಂಥ ನಾಟಕ ಆಗಾಗ ನಡೆಯುತ್ತಲೇ ಇರುತ್ತದೆ.

ಇಂಥ ಸಂದರ್ಭದಲ್ಲಿ ಬಹಳ ಸಲ ಏನೂ ಹಾಳಾಗಿರುವುದಿಲ್ಲ. ಮೌಸ್ ಮತ್ತು ಗಣಕದ ನಡುವಿನ ಮಾತುಕತೆ ಎಲ್ಲೋ ಒಂದು ಕಡೆ ಕಡಿದುಹೋಗಿರುತ್ತದೆ, ಅಷ್ಟೆ. ಎಲ್ಲಿ ಕಡಿದಿದೆ ಎಂಬುದನ್ನು ಪತ್ತೆ ಮಾಡಲು ಎಂಜಿನಿಯರ್ ಆಗಬೇಕಿಲ್ಲ, ಬಿಚ್ಚುವ ಸಲಕರಣೆಯೂ ಬೇಕಿಲ್ಲ. ಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಕಲಿತ ಒಂದೇ ಒಂದು ನಿಯಮ ಸಾಕು: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು.

ಇಲಿಯ ಬಾಲ ಹೋದ ಬಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ 1964ರಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರ್ ಮೊದಲ ಮೌಸನ್ನು ಮಾಡಿದರು. ಅದು ಅಂಗೈಯಗಲದ ಮರದ ಡಬ್ಬಿ. ಅಡಿಯಲ್ಲಿ ಎರಡು ಚಕ್ರಗಳು, ಹಿಂದೆ ಒಂದು ತಂತಿ. ಆ ತಂತಿ ಬಾಲದಂತೆ ಕಂಡದ್ದರಿಂದ ಪ್ರಯೋಗಾಲಯದಲ್ಲಿ ಯಾರೋ ಅದನ್ನು ಇಲಿ ಎಂದು ಕರೆದರು, ಆ ಹೆಸರೇ ನಿಂತಿತು. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆದ ಪ್ರಾತ್ಯಕ್ಷಿಕೆಯಲ್ಲಿ ಎಂಗೆಲ್‌ಬಾರ್ಟ್ ಅದನ್ನು ಜಗತ್ತಿಗೆ ತೋರಿಸಿದರು.

ಬಾಲ ಕತ್ತರಿಸುವ ಕೆಲಸ ಮೊದಲು ನಡೆದದ್ದು ಕೀಲಿಮಣೆಯ ಕಡೆಯಿಂದ. ಐಬಿಎಂ ಕಂಪೆನಿ 1983ರಲ್ಲಿ ಪ್ರಕಟಿಸಿದ ‘ಪಿಸಿ ಜೂನಿಯರ್’ ಗಣಕಕ್ಕೆ ತಂತಿಯಿಲ್ಲದ ಕೀಲಿಮಣೆ ಇತ್ತು. ಟಿವಿಯ ರಿಮೋಟ್‌ನಂತೆ ಅದು ಅವಗೆಂಪು ಕಿರಣಗಳಿಂದ ಸಂದೇಶ ಕಳಿಸುತ್ತಿತ್ತು. ನಡುವೆ ಏನಾದರೂ ಅಡ್ಡ ಬಂದರೆ ಮಾತು ಬಂದ್. ಲಾಜಿಟೆಕ್ ಕಂಪೆನಿ 1991ರಲ್ಲಿ ರೇಡಿಯೊ ತರಂಗಗಳನ್ನು ಬಳಸುವ ಮೌಸನ್ನು ಹೊರತಂದ ಮೇಲೆ ಈ ಅಡ್ಡಿ ತಪ್ಪಿತು. ರೇಡಿಯೊ ತರಂಗ ಪುಸ್ತಕದ ರಾಶಿಯನ್ನೂ ದಾಟುತ್ತದೆ, ಮರದ ಮೇಜನ್ನೂ ದಾಟುತ್ತದೆ.

ಆದರೆ ಒಂದು ಅನುಕೂಲ ಬಂದಾಗ ಅದರ ಬೆನ್ನಿಗೇ ಒಂದು ಅನನುಕೂಲವೂ ಬರುತ್ತದೆ. ತಂತಿಯಿದ್ದ ಕಾಲದಲ್ಲಿ ಮೌಸಿಗೆ ವಿದ್ಯುತ್ತು, ಸಂದೇಶ ಎರಡೂ ಒಂದೇ ತಂತಿಯಲ್ಲಿ ಹರಿಯುತ್ತಿದ್ದವು. ಬಾಲ ಹೋದ ಮೇಲೆ ವಿದ್ಯುತ್ತಿಗೆ ಬ್ಯಾಟರಿ ಬೇಕಾಯಿತು, ಸಂದೇಶಕ್ಕೆ ಗಾಳಿಯಲ್ಲಿ ದಾರಿ ಬೇಕಾಯಿತು, ಆ ದಾರಿಯ ಇನ್ನೊಂದು ತುದಿಯಲ್ಲಿ ಸಂದೇಶ ಹಿಡಿಯುವ ರಿಸೀವರ್ ಬೇಕಾಯಿತು. ಒಂದು ತಂತಿ ಇದ್ದಲ್ಲಿ ಈಗ ಐದು ಕೊಂಡಿಗಳ ಸರಪಳಿ: ಬ್ಯಾಟರಿ, ಮೌಸ್ ಅಥವಾ ಕೀಲಿಮಣೆಯ ಒಳಗಿನ ಪುಟ್ಟ ರೇಡಿಯೊ, ನಡುವಿನ ಗಾಳಿ, ರಿಸೀವರ್ ಮತ್ತು ಗಣಕದೊಳಗಿನ ತಂತ್ರಾಂಶ. ಐದರಲ್ಲಿ ಯಾವುದೊಂದು ಕಳಚಿದರೂ ಪರದೆಯ ಮೇಲೆ ಕಾಣುವ ಲಕ್ಷಣ ಒಂದೇ. ಬಾಣ ಅಲುಗಾಡುವುದಿಲ್ಲ. ಗೊಂದಲಕ್ಕೆ ಕಾರಣ ಇದೇ.

ಮೊದಲು ಜಾತಿ ತಿಳಿಯಬೇಕು

ನಿಸ್ತಂತು ಮೌಸ್ ಮತ್ತು ಕೀಲಿಮಣೆಗಳಲ್ಲಿ ಎರಡು ಬಗೆ. ಒಂದು, ಉಗುರಿನಷ್ಟೇ ದೊಡ್ಡದಾದ ರಿಸೀವರಿನೊಂದಿಗೆ ಬರುವಂಥದು. ಆ ರಿಸೀವರನ್ನು ಗಣಕದ ಯುಎಸ್‌ಬಿ ಕಿಂಡಿಗೆ ಚುಚ್ಚಬೇಕು. ಇನ್ನೊಂದು, ಬ್ಲೂಟೂತ್ ಬಗೆಯದು. ಇದಕ್ಕೆ ಬೇರೆ ರಿಸೀವರ್ ಬೇಡ, ಗಣಕದೊಳಗೇ ಬ್ಲೂಟೂತ್ ಇರಬೇಕು. ಲ್ಯಾಪ್‌ಟಾಪುಗಳಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೇಜಿನ ಮೇಲಿನ ಡೆಸ್ಕ್‌ಟಾಪ್ ಗಣಕಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಅನೇಕ ವೇಳೆ ಇರುವುದಿಲ್ಲ. ಬ್ಲೂಟೂತ್ ಮೌಸನ್ನು ಕೊಂಡು ತಂದು ಅದು ಕೆಲಸ ಮಾಡುತ್ತಿಲ್ಲ ಎಂದು ಅಂಗಡಿಯವನೊಂದಿಗೆ ಜಗಳಕ್ಕೆ ನಿಲ್ಲುವವರ ಗಣಕದಲ್ಲಿ ಬ್ಲೂಟೂತ್ ಸೌಲಭ್ಯವೇ ಇಲ್ಲದಿರಬಹುದು. ಅಂಥವರು ಬ್ಲೂಟೂತ್ ಅಡಾಪ್ಟರ್ ಎಂಬ ಪುಟ್ಟ ಸಾಧನವನ್ನು ಕೊಂಡು ಯುಎಸ್‌ಬಿ ಕಿಂಡಿಗೆ ಹಾಕಿದರೆ ಸಾಕು.

ರಿಸೀವರ್ ಬಗೆಯ ಮೌಸಿನ ಅಡಿಭಾಗದಲ್ಲೋ ಬ್ಯಾಟರಿಯ ಗೂಡಿನಲ್ಲೋ ಆ ರಿಸೀವರನ್ನು ಇಡಲು ಸಣ್ಣ ಜಾಗ ಇರುವುದುಂಟು. ಹೊಸ ಮೌಸ್ ತಂದು ಅರ್ಧ ಗಂಟೆ ಒದ್ದಾಡಿದವರಿಗೆ ರಿಸೀವರ್ ಮೌಸಿನ ಹೊಟ್ಟೆಯಲ್ಲೇ ಕುಳಿತಿರುವುದು ಆಮೇಲೆ ಕಾಣುತ್ತದೆ. ಹಾಗೆಯೇ ಹೊಸ ಬ್ಯಾಟರಿಯ ತುದಿಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದು ತೆಗೆಯದೆ ವಿದ್ಯುತ್ತು ಹರಿಯುವುದಿಲ್ಲ. ಅಡಿಯಲ್ಲಿರುವ ಸ್ವಿಚ್ಚನ್ನೂ ನೋಡಬೇಕು. ಚೀಲದಲ್ಲಿ ಹಾಕಿಕೊಂಡು ಓಡಾಡಿದಾಗ ಅದು ತಾನಾಗಿಯೇ ಜಾರುವುದು ಹೊಸ ವಿಷಯವಲ್ಲ.

ಬ್ಯಾಟರಿಯ ಸಣ್ಣ ಮೋಸ

ಮೊದಲ ಅನುಮಾನ ಯಾವಾಗಲೂ ಬ್ಯಾಟರಿಯ ಮೇಲೇ ಇರಬೇಕು. ಬಹುಪಾಲು ಮೌಸ್‌ಗಳು ಎಎ ಅಥವಾ ಎಎಎ ಗಾತ್ರದ ಶುಷ್ಕಕೋಶವನ್ನು ಬಳಸುತ್ತವೆ. ಹೊಸ ಕೋಶದ ವೋಲ್ಟೇಜು 1.5. ಬಳಸುತ್ತ ಹೋದಂತೆ ಅದು ಇಳಿಯುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮೌಸಿನ ರೇಡಿಯೊ ಸರಿಯಾಗಿ ಕೂಗಲಾರದು. ಆದರೆ ಸುಸ್ತಾದ ಕೋಶಕ್ಕೆ ಸ್ವಲ್ಪ ವಿಶ್ರಾಂತಿ ಸಿಕ್ಕರೆ ವೋಲ್ಟೇಜು ತುಸು ಚೇತರಿಸಿಕೊಳ್ಳುತ್ತದೆ. ಹೀಗಾಗಿ ಬೆಳಗ್ಗೆ ಗಣಕ ಹಾಕಿದಾಗ ಮೌಸ್ ಚೆನ್ನಾಗಿ ಓಡಿ ಹತ್ತು ನಿಮಿಷಕ್ಕೆ ನಿಲ್ಲುತ್ತದೆ, ಸಂಜೆ ಮತ್ತೆ ಹತ್ತು ನಿಮಿಷ ಓಡುತ್ತದೆ. ‘ಬ್ಯಾಟರಿ ಸರಿಯಿದೆ, ಬೆಳಗ್ಗೆ ತಾನೇ ಕೆಲಸ ಮಾಡಿತ್ತು’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಮಕ್ಕಳು ಗೋಡೆ ಗಡಿಯಾರದಿಂದಲೋ ಟಿವಿ ರಿಮೋಟಿನಿಂದಲೋ ತೆಗೆದ ಕೋಶವನ್ನು ಮೌಸಿಗೆ ಹಾಕಿ ಪರೀಕ್ಷಿಸುವುದುಂಟು. ಗಡಿಯಾರಕ್ಕೆ ಬೇಕಾದ ವಿದ್ಯುತ್ತು ಬಹಳ ಕಡಿಮೆ. ಅಲ್ಲಿ ಇನ್ನೂ ತಿಂಗಳುಗಟ್ಟಲೆ ಬಾಳುವ ಕೋಶ ಮೌಸಿಗೆ ಸಾಲದಿರಬಹುದು. ಪರೀಕ್ಷೆಗೆ ಹೊಸ ಕೋಶವೇ ಬೇಕು. ಎರಡು ಕೋಶ ಹಿಡಿಯುವ ಕೀಲಿಮಣೆಗೆ ಒಂದು ಹಳೆಯದು, ಒಂದು ಹೊಸದು ಹಾಕಬಾರದು. ಹಳೆಯದು ಹೊಸದನ್ನೂ ಕೆಳಗೆಳೆಯುತ್ತದೆ, ಸೋರುವ ಸಾಧ್ಯತೆಯೂ ಹೆಚ್ಚು. ಮರುಭರ್ತಿ ಮಾಡಬಹುದಾದ ನಿಕೆಲ್ ಕೋಶಗಳ ವೋಲ್ಟೇಜು 1.2 ಮಾತ್ರ. ಇದರಿಂದ ಮೌಸ್ ಓಡುತ್ತದೆಯಾದರೂ ಬ್ಯಾಟರಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಬೇಗನೆ ಕಾಣಿಸಿಕೊಳ್ಳಬಹುದು.

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಇನ್ನೊಂದು ತೊಂದರೆ. ಮಳೆಗಾಲದ ತೇವಕ್ಕೆ ಬ್ಯಾಟರಿ ಗೂಡಿನ ಸುರುಳಿ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಬೇಸಿಗೆ ರಜೆಯಲ್ಲಿ ಕೋಶ ತೆಗೆಯದೆ ಇಟ್ಟ ಶಾಲೆಯ ಕೀಲಿಮಣೆಯಲ್ಲಿ ಕೋಶ ಸೋರಿ ಬಿಳಿ ಹಿಟ್ಟು ಕಟ್ಟಿಕೊಂಡಿರುತ್ತದೆ. ಆಲ್ಕಲೈನ್ ಕೋಶದಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ರಸಾಯನಶಾಸ್ತ್ರದ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಕ್ಷಾರವನ್ನು ತಣಿಸಲು ದುರ್ಬಲ ಆಮ್ಲ ಸಾಕು. ಕೋಶವನ್ನು ತೆಗೆದು, ಹತ್ತಿ ಸುತ್ತಿದ ಕಡ್ಡಿಯನ್ನು ವಿನಿಗರ್ ಅಥವಾ ನಿಂಬೆರಸದಲ್ಲಿ ತುಸುವೇ ಅದ್ದಿ ಒರೆಸಿ, ಬಳಿಕ ನೀರಿನ ಪಸೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಕೋಶ ಹಾಕಬೇಕು. ಈ ಕೆಲಸವನ್ನು ದೊಡ್ಡವರು ಕೈಗವಸು ತೊಟ್ಟು ಮಾಡುವುದು ಒಳ್ಳೆಯದು. ಆ ಹಿಟ್ಟು ಕಣ್ಣಿಗೆ ತಾಗಬಾರದು.

ಅರ್ಧಕ್ಕೆ ಸೀಳುವ ಪರೀಕ್ಷೆ

ಹೊಸ ಕೋಶ ಹಾಕಿದರೂ ಮೌಸ್ ಎಚ್ಚರಗೊಳ್ಳಲಿಲ್ಲ ಎಂದಿಟ್ಟುಕೊಳ್ಳೋಣ. ಈಗ ಉಳಿದ ಕೊಂಡಿಗಳನ್ನು ಒಂದೊಂದಾಗಿ ನೋಡುತ್ತ ಕೂರುವ ಬದಲು ಸರಪಳಿಯನ್ನು ಎರಡು ಪಾಲು ಮಾಡುವುದು ಜಾಣತನ. ರಿಸೀವರನ್ನು ಕಿತ್ತು ಮನೆಯ ಬೇರೊಂದು ಗಣಕಕ್ಕೆ, ಇಲ್ಲವಾದರೆ ನೆರೆಮನೆಯ ಲ್ಯಾಪ್‌ಟಾಪಿಗೆ ಚುಚ್ಚಬೇಕು. ಅಲ್ಲಿ ಮೌಸ್ ಓಡಿದರೆ ಬ್ಯಾಟರಿ, ಮೌಸ್, ರಿಸೀವರ್ ಮೂರೂ ನಿರಪರಾಧಿಗಳು. ತಪ್ಪು ಮೊದಲಿನ ಗಣಕದಲ್ಲೋ ಅದರ ಸುತ್ತಲಿನ ಗಾಳಿಯಲ್ಲೋ ಇದೆ. ಅಲ್ಲಿಯೂ ಓಡದಿದ್ದರೆ ಗಣಕದ ಮೇಲಿನ ಆರೋಪ ಬಿದ್ದುಹೋಯಿತು. ಎರಡು ನಿಮಿಷದ ಈ ಒಂದು ಪರೀಕ್ಷೆ ಅರ್ಧ ಸಂಶಯಗಳನ್ನು ಗುಡಿಸಿಹಾಕುತ್ತದೆ. ವಿದ್ಯುತ್ ಎಂಜಿನಿಯರ್‌ಗಳು ಕಡಿದ ತಂತಿಯನ್ನು ಹುಡುಕುವುದೂ, ಗಣಕ ವಿಜ್ಞಾನದ ವಿದ್ಯಾರ್ಥಿಗಳು ಕಲಿಯುವ ‘ಬೈನರಿ ಸರ್ಚ್’ ವಿಧಾನವೂ ಇದೇ ತತ್ತ್ವದ ಮೇಲೆ ನಿಂತಿವೆ.

ಇದರ ತಿರುಗುಮುರುಗು ಪರೀಕ್ಷೆಯೂ ಉಂಟು. ತಂತಿಯಿರುವ ಹಳೆಯ ಮೌಸೊಂದನ್ನು ಅದೇ ಯುಎಸ್‌ಬಿ ಕಿಂಡಿಗೆ ಹಾಕಿ ನೋಡಬೇಕು. ಅದೂ ಓಡದಿದ್ದರೆ ಆ ಕಿಂಡಿಯಲ್ಲೇ ದೋಷ. ಡೆಸ್ಕ್‌ಟಾಪಿನಲ್ಲಿ ಇಂಥ ಕಿಂಡಿಗಳು ಮುಂದೆ ಎರಡಾದರೂ ಹಿಂದೆ ನಾಲ್ಕಾದರೂ ಇರುತ್ತವೆ. ಬೇರೊಂದಕ್ಕೆ ಬದಲಿಸಿದರೆ ಕೆಲಸ ಮುಗಿಯಿತು.

ಬಾಣ ಪೂರ್ತಿ ನಿಂತಿಲ್ಲ, ಆದರೆ ಕುಪ್ಪಳಿಸುತ್ತದೆ ಎಂದಾದರೆ ರೇಡಿಯೊ ಬಗ್ಗೆ ಯೋಚಿಸುವ ಮೊದಲು ಮೌಸಿನ ಅಡಿಯನ್ನು ನೋಡಬೇಕು. ಈಗಿನ ಮೌಸ್ ತಾನು ಕುಳಿತ ಮೇಲ್ಮೈಯ ಪುಟ್ಟ ಪುಟ್ಟ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಅವುಗಳನ್ನು ಹೋಲಿಸಿ ಎಷ್ಟು ಚಲಿಸಿದೆ ಎಂದು ಲೆಕ್ಕ ಹಾಕುತ್ತದೆ. ಗಾಜಿನ ಮೇಜು ಅಥವಾ ಕನ್ನಡಿಯಂತೆ ಹೊಳೆಯುವ ಸನ್‌ಮೈಕಾದ ಮೇಲೆ ಅದಕ್ಕೆ ಗುರುತು ಸಿಗುವುದಿಲ್ಲ. ಕೆಳಗೆ ಒಂದು ಬಿಳಿ ಹಾಳೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಸಂವೇದಕದ ಕಿಂಡಿಯಲ್ಲಿ ಸಿಕ್ಕಿಕೊಂಡ ಒಂದು ಕೂದಲೂ ಬಾಣವನ್ನು ನಡುಗಿಸಬಲ್ಲದು.

ಗಾಳಿಯಲ್ಲಿ ಸಂತೆ

ಇಂದಿನ ಬಹುತೇಕ ನಿಸ್ತಂತು ಮೌಸ್‌ಗಳು, ಕೀಲಿಮಣೆಗಳು 2.4 ಗಿಗಾಹರ್ಟ್ಸ್ ಅಲೆಪಟ್ಟಿಯನ್ನು ಬಳಸುತ್ತವೆ. ಬ್ಲೂಟೂತ್ ಕೂಡ ಅಲ್ಲೇ. ಮನೆಯ ವೈಫೈ ರೌಟರ್ ಕೂಡ ಅನೇಕ ವೇಳೆ ಅಲ್ಲೇ. ಅಡುಗೆಮನೆಯ ಮೈಕ್ರೊವೇವ್ ಒಲೆ ಅನ್ನ ಬಿಸಿ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ. ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳನ್ನು ಬಳಸಲು ಭಾರತ ಸರ್ಕಾರ 2005ರಲ್ಲಿ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಯಾರು ಬೇಕಾದರೂ ಗಾಡಿ ಓಡಿಸಬಹುದಾದ ರಸ್ತೆ ಇದು. ಆದ್ದರಿಂದಲೇ ದಟ್ಟಣೆಯೂ ಹೆಚ್ಚು. ಮೌಸಿನ ರೇಡಿಯೊ ಸಂತೆಯ ನಡುವೆ ಪಿಸುಗುಟ್ಟುವ ಮಗುವಿನಂತೆ. ರಿಸೀವರ್ ಹತ್ತಿರವಿದ್ದರೆ ಮಾತ್ರ ಕೇಳಿಸುತ್ತದೆ.

ಈ ಸಾಧನಗಳು ಒಂದೇ ಕಾಲುವೆಯಲ್ಲಿ ನಿಲ್ಲದೆ, ಗದ್ದಲವಿದ್ದಲ್ಲಿಂದ ಇನ್ನೊಂದಕ್ಕೆ ಜಿಗಿಯುವಂತೆ ರಚಿತವಾಗಿವೆ. ಮೂಲ ಬ್ಲೂಟೂತ್ ವ್ಯವಸ್ಥೆ ಸೆಕೆಂಡಿಗೆ 1600 ಸಲ ಕಾಲುವೆ ಬದಲಿಸುತ್ತದೆ. ಆದರೂ ಕೆಲವೊಮ್ಮೆ ಗದ್ದಲವೇ ಗೆಲ್ಲುತ್ತದೆ. ಇದಕ್ಕೆ ಒಂದು ಅಚ್ಚರಿಯ ಕಾರಣ ಗಣಕದ ಬೆನ್ನಲ್ಲೇ ಇದೆ. ವೇಗದ ಯುಎಸ್‌ಬಿ 3.0 ಕಿಂಡಿಗಳು, ಅವುಗಳಿಗೆ ಜೋಡಿಸಿದ ಬಾಹ್ಯ ಹಾರ್ಡ್‌ಡಿಸ್ಕು, ಪೆನ್‌ಡ್ರೈವು ಮತ್ತು ಅವುಗಳ ತಂತಿಗಳಿಂದ ಹೊರಸೂಸುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಹರಡುತ್ತದೆ ಎಂಬುದನ್ನು ಇಂಟೆಲ್ ಕಂಪೆನಿ 2012ರಲ್ಲಿ ಪ್ರಕಟಿಸಿದ ತಾಂತ್ರಿಕ ವರದಿಯಲ್ಲಿ ಅಳತೆಗಳ ಸಮೇತ ತೋರಿಸಿತು. ಇಂಥ ಕಿಂಡಿಗಳ ಒಳಭಾಗ ಸಾಮಾನ್ಯವಾಗಿ ನೀಲಿ ಬಣ್ಣದ್ದು. ನೀಲಿ ಕಿಂಡಿಯಲ್ಲಿ ಹಾರ್ಡ್‌ಡಿಸ್ಕು, ಅದರ ಪಕ್ಕದಲ್ಲೇ ಮೌಸಿನ ರಿಸೀವರು ಇದ್ದರೆ ಕಡತ ನಕಲಾಗುತ್ತಿರುವಷ್ಟು ಹೊತ್ತೂ ಬಾಣ ತಡವರಿಸುತ್ತದೆ. ನಕಲು ಮುಗಿದ ಕೂಡಲೇ ಸರಿಹೋಗುತ್ತದೆ. ಇದನ್ನು ಗಮನಿಸದವರು ವೈರಸ್ ಬಂದಿದೆಯೆಂದು ಹೆದರುತ್ತಾರೆ.

ಡೆಸ್ಕ್‌ಟಾಪ್ ಬಳಸುವವರಿಗೆ ಇನ್ನೊಂದು ಅಡ್ಡಿ ಲೋಹದ ಡಬ್ಬಿ. ರಿಸೀವರನ್ನು ಗಣಕದ ಹಿಂಬದಿಗೆ ಚುಚ್ಚಿ, ಡಬ್ಬಿಯನ್ನು ಮೇಜಿನ ಕೆಳಗಿನ ಗೂಡಿಗೆ ತಳ್ಳಿದರೆ ರಿಸೀವರಿಗೂ ಮೌಸಿಗೂ ನಡುವೆ ತಗಡಿನ ಗೋಡೆ ಎದ್ದಂತಾಗುತ್ತದೆ. ರೇಡಿಯೊ ತರಂಗ ಮರವನ್ನು ದಾಟಿದಂತೆ ಲೋಹವನ್ನು ದಾಟುವುದಿಲ್ಲ. ಕಬ್ಬಿಣದ ಮೇಜಾದರೆ ಕೇಳುವುದೇ ಬೇಡ.

ಎರಡು ತೊಂದರೆಗೂ ಒಂದೇ ಮದ್ದು ಇದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿಯನ್ನು ತಂದು, ರಿಸೀವರನ್ನು ಅದರ ತುದಿಗೆ ಹಾಕಿ ಮೇಜಿನ ಮೇಲೆ, ಮೌಸಿನಿಂದ ಒಂದು ಮೊಳ ದೂರದಲ್ಲಿ ಇಡಬೇಕು. ಒಂದು ಮೀಟರ್ ಉದ್ದದ ತಂತಿ ಸಾಕು. ತಂತಿ ಬೇಡವೆಂದು ನಿಸ್ತಂತು ಮೌಸ್ ಕೊಂಡವರು ಮತ್ತೆ ತಂತಿ ಎಳೆಯುವುದೇ ಎಂದು ನಗು ಬರಬಹುದು. ಆದರೆ ತಡವರಿಸುವ ಮೌಸಿಗೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ವೈಫೈ ರೌಟರ್ ಗಣಕಕ್ಕೆ ಅಂಟಿಕೊಂಡೇ ಇದ್ದರೆ ಅದನ್ನು ಕೆಲವು ಅಡಿ ದೂರ ಸರಿಸಬೇಕು. ಅದರಲ್ಲಿ 5 ಗಿಗಾಹರ್ಟ್ಸ್ ಸೌಲಭ್ಯವಿದ್ದರೆ ಗಣಕವನ್ನು ಅದಕ್ಕೆ ಜೋಡಿಸಬೇಕು.

ಜೋಡಿ ತಪ್ಪಿದಾಗ

ಪಕ್ಕದ ಮನೆಯ ಮೌಸ್ ಅಲ್ಲಾಡಿಸಿದರೆ ಈ ಮನೆಯ ಬಾಣ ಓಡಬಾರದಲ್ಲ? ಅದಕ್ಕಾಗಿ ಪ್ರತಿ ಮೌಸಿಗೂ ಅದರ ರಿಸೀವರಿಗೂ ಒಂದು ಗುರುತಿನ ಸಂಖ್ಯೆಯ ನಂಟು ಹಾಕಿರುತ್ತಾರೆ. ಅನೇಕ ಅಗ್ಗದ ಮೌಸ್‌ಗಳಲ್ಲಿ ಈ ನಂಟು ಕಾರ್ಖಾನೆಯಲ್ಲೇ ಹಾಕಿದ್ದು. ರಿಸೀವರ್ ಕಳೆದುಹೋದರೆ ಮೌಸ್ ಒಂಟಿ. ಅದೇ ತರಹದ ಇನ್ನೊಂದರ ರಿಸೀವರ್ ತಂದು ಹಾಕಿದರೂ ಅದು ಗುರುತು ಹಿಡಿಯುವುದಿಲ್ಲ. ಹತ್ತಾರು ಮೌಸ್‌ಗಳಿರುವ ಶಾಲೆಯ ಗಣಕ ಕೊಠಡಿಯಲ್ಲಿ ರಿಸೀವರುಗಳು ಅದಲು ಬದಲಾದರೆ ಮೂರನೆಯ ಮೇಜಿನ ಮೌಸ್ ಏಳನೆಯ ಮೇಜಿನ ಬಾಣವನ್ನು ಓಡಿಸುತ್ತದೆ. ಮೌಸಿಗೂ ರಿಸೀವರಿಗೂ ಒಂದೇ ಬಣ್ಣದ ಚುಕ್ಕೆ ಇಡುವುದು ಸುಲಭದ ಉಪಾಯ. ಕೆಲವು ಕಂಪೆನಿಗಳ ರಿಸೀವರ್ ಮಾತ್ರ ಹಲವು ಸಾಧನಗಳನ್ನು ನಂಟು ಮಾಡಿಕೊಳ್ಳಬಲ್ಲದು. ಲಾಜಿಟೆಕ್ 2009ರಲ್ಲಿ ತಂದ ‘ಯೂನಿಫೈಯಿಂಗ್’ ರಿಸೀವರ್ ಆರು ಸಾಧನಗಳವರೆಗೆ ಹಿಡಿದಿಡುತ್ತದೆ. ಇಂಥವುಗಳಲ್ಲಿ ಕಂಪೆನಿಯ ತಂತ್ರಾಂಶದ ಮೂಲಕ ಹೊಸದಾಗಿ ಜೋಡಿಸಬಹುದು.

ಬ್ಲೂಟೂತ್ ಬಗೆಯದರಲ್ಲಿ ನಂಟು ಆಗಾಗ ಮಸುಕಾಗುತ್ತದೆ. ಗಣಕದ ಬ್ಲೂಟೂತ್ ಪಟ್ಟಿಯಲ್ಲಿ ಮೌಸಿನ ಹೆಸರಿದ್ದರೂ ಅದು ಸ್ಪಂದಿಸುವುದಿಲ್ಲ. ಆಗ ಪಟ್ಟಿಯಿಂದ ಹೆಸರನ್ನು ತೆಗೆದುಹಾಕಿ, ಮೌಸಿನ ಜೋಡಣೆ ಗುಂಡಿಯನ್ನು ದೀಪ ಮಿಣುಕುವವರೆಗೆ ಒತ್ತಿಹಿಡಿದು, ಹೊಸದಾಗಿ ಸೇರಿಸಬೇಕು. ಕೆಲವು ಮೌಸ್‌ಗಳ ಅಡಿಯಲ್ಲಿ 1, 2, 3 ಎಂಬ ಅಂಕಿಗಳಿರುತ್ತವೆ. ಒಂದೇ ಮೌಸನ್ನು ಮೂರು ಯಂತ್ರಗಳಿಗೆ ಬಳಸುವ ಏರ್ಪಾಡು ಅದು. ಅಣ್ಣ ತನ್ನ ಲ್ಯಾಪ್‌ಟಾಪಿಗೆಂದು 2 ಒತ್ತಿ ಹೋಗಿದ್ದರೆ ತಂಗಿಯ ಡೆಸ್ಕ್‌ಟಾಪ್ ಮುಂದೆ ಅದು ಮೂಕವಾಗಿ ಕೂರುತ್ತದೆ. 1 ಒತ್ತಿದರೆ ಮತ್ತೆ ಮಾತು.

ಗಣಕದ ಅರೆನಿದ್ದೆ

ಬೇರೆ ಗಣಕದಲ್ಲಿ ಮೌಸ್ ಓಡಿತು, ರಿಸೀವರಿನ ಜಾಗ ಬದಲಿಸಿದ್ದಾಯಿತು, ಆದರೂ ಈ ಗಣಕದಲ್ಲಿ ನಿಲ್ಲುತ್ತಿದೆ ಎಂದಾದರೆ ಉಳಿದದ್ದು ತಂತ್ರಾಂಶ. ಮೊದಲ ಕೆಲಸ ಗಣಕವನ್ನು ಮತ್ತೆ ಆರಂಭಿಸುವುದು. ಇಲ್ಲೊಂದು ಸೂಕ್ಷ್ಮವಿದೆ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಚಾಲೂ ಇದ್ದರೆ ‘ಶಟ್ ಡೌನ್’ ಒತ್ತಿದಾಗ ಗಣಕ ಪೂರ್ತಿ ಆರುವುದಿಲ್ಲ. ವ್ಯವಸ್ಥೆಯ ತಿರುಳನ್ನು ಹಾಗೆಯೇ ಡಿಸ್ಕಿನಲ್ಲಿ ಉಳಿಸಿಕೊಂಡು ಮಾರನೆಯ ದಿನ ಅಲ್ಲಿಂದಲೇ ಮುಂದುವರಿಯುತ್ತದೆ. ನಿನ್ನೆಯ ಗೊಂದಲವೂ ಜತೆಗೇ ಏಳುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲವೂ ಹೊಸದಾಗಿ ಆರಂಭ. ‘ಆಫ್ ಮಾಡಿ ಆನ್ ಮಾಡಿದರೂ ಸರಿಹೋಗಲಿಲ್ಲ’ ಎನ್ನುವವರು ಒಮ್ಮೆ ಇದನ್ನು ಮಾಡಿ ನೋಡಬೇಕು.

ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಮಾತ್ರ ಮೌಸ್ ನಿಲ್ಲುತ್ತದೆ ಎಂದಾದರೆ ಅದು ವಿದ್ಯುತ್ ಉಳಿತಾಯದ ಫಲ. ಬಳಸದ ಯುಎಸ್‌ಬಿ ಕಿಂಡಿಯನ್ನು ವಿಂಡೋಸ್ ಮಲಗಿಸುತ್ತದೆ. ‘ಡಿವೈಸ್ ಮ್ಯಾನೇಜರ್’ ತೆರೆದು, ಯುಎಸ್‌ಬಿ ಸಾಧನಗಳ ಪಟ್ಟಿಯಲ್ಲಿ ‘ರೂಟ್ ಹಬ್’ ಆಯ್ದು, ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಸಾಲಿನ ಮುಂದಿನ ಗುರುತನ್ನು ತೆಗೆದರೆ ಸಾಕು. ಅದೇ ಡಿವೈಸ್ ಮ್ಯಾನೇಜರಿನಲ್ಲಿ ಮೌಸಿನ ಹೆಸರನ್ನು ಅಳಿಸಿ ಗಣಕವನ್ನು ಮತ್ತೆ ಆರಂಭಿಸಿದರೆ ವಿಂಡೋಸ್ ಅದನ್ನು ಹೊಸ ಅತಿಥಿಯಂತೆ ಬರಮಾಡಿಕೊಳ್ಳುತ್ತದೆ. ಇದಕ್ಕಾಗಿ ಗೊತ್ತುಗುರಿಯಿಲ್ಲದ ಜಾಗಗಳಿಂದ ‘ಡ್ರೈವರ್’ ಇಳಿಸಿಕೊಳ್ಳುವುದು ಅಪಾಯ. ಸಾಮಾನ್ಯ ಮೌಸಿಗೆ, ಕೀಲಿಮಣೆಗೆ ಬೇಕಾದ ತಂತ್ರಾಂಶ ವಿಂಡೋಸ್‌ನಲ್ಲೇ ಇದೆ.

ಹಾಳಾಗದೆ ಹಾಳಾದಂತೆ ಕಾಣುವ ಕೀಲಿಮಣೆ

ಕೀಲಿಮಣೆಯ ವಿಷಯದಲ್ಲಿ ಇನ್ನಷ್ಟು ಮೋಸ ಹೋಗುವುದುಂಟು. ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿಹಿಡಿದರೆ ವಿಂಡೋಸ್‌ನಲ್ಲಿ ‘ಫಿಲ್ಟರ್ ಕೀಸ್’ ಎಂಬ ಏರ್ಪಾಡು ಜಾಗೃತವಾಗುತ್ತದೆ. ಕೈ ನಡುಗುವವರಿಗೆಂದು ಮಾಡಿದ ಸೌಲಭ್ಯ ಅದು. ಚುಟುಕಾಗಿ ಒತ್ತಿದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು. ಪುಸ್ತಕವೊಂದು ಆ ಕೀಲಿಯ ಮೇಲೆ ಬಿದ್ದು, ಪರದೆಯಲ್ಲಿ ಮೂಡಿದ ಪ್ರಶ್ನೆಗೆ ಯಾರೋ ಓದದೆ ಒಪ್ಪಿಗೆ ಕೊಟ್ಟರೆ ಕೀಲಿಮಣೆ ಸತ್ತಂತೆ ಕಾಣುತ್ತದೆ. ಮತ್ತೆ ಎಂಟು ಸೆಕೆಂಡು ಒತ್ತಿದರೆ ಜೀವ ಬರುತ್ತದೆ. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಎಂಬ ಇನ್ನೊಂದು ಏರ್ಪಾಡಿನ ಪ್ರಶ್ನೆ ಏಳುತ್ತದೆ. ಆಟ ಆಡುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು.

ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಮತ್ತೊಂದು ಬಗೆ. ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಅರಿವಿಲ್ಲದೆ ಹಾಗೆ ಒತ್ತಿದವರಿಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಬೇರೇನೋ ಮೂಡುತ್ತದೆ. ಪಾಸ್‌ವರ್ಡ್ ಒಪ್ಪಿಗೆಯಾಗುವುದಿಲ್ಲ. ‘ನುಡಿ’ ತಂತ್ರಾಂಶ ಬಳಸುವವರು ಕನ್ನಡ ಇಂಗ್ಲಿಷ್‌ಗಳ ನಡುವೆ ಓಡಾಡಲು ಸ್ಕ್ರೋಲ್ ಲಾಕ್ ಕೀಲಿಯನ್ನು ನೆಚ್ಚಿಕೊಂಡಿರುತ್ತಾರೆ. ಕೆಲವು ಚಿಕ್ಕ ನಿಸ್ತಂತು ಕೀಲಿಮಣೆಗಳಲ್ಲಿ ಆ ಕೀಲಿಯೇ ಇರುವುದಿಲ್ಲ. ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಆಪತ್ತಿಗೆ ಆದವರು

ಗಡುವು ಹತ್ತಿರವಿದ್ದಾಗ ದುರಸ್ತಿಗಿಂತ ಕೆಲಸ ಮುಗಿಸುವುದು ಮುಖ್ಯ. ಮೌಸ್ ನಿಂತರೆ ಕೀಲಿಮಣೆಯಿಂದಲೇ ಅರ್ಜಿ ತುಂಬಬಹುದು. ಟ್ಯಾಬ್ ಕೀಲಿ ಒಂದು ಜಾಗದಿಂದ ಮುಂದಿನದಕ್ಕೆ ಒಯ್ಯುತ್ತದೆ, ಶಿಫ್ಟ್ ಜತೆಗೆ ಒತ್ತಿದರೆ ಹಿಂದಕ್ಕೆ. ಸ್ಪೇಸ್ ಒತ್ತಿದರೆ ಚೌಕದಲ್ಲಿ ಗುರುತು ಬೀಳುತ್ತದೆ. ಬಾಣದ ಕೀಲಿಗಳಿಂದ ಪಟ್ಟಿಯಲ್ಲಿ ಆಯ್ಕೆ ಮಾಡಬಹುದು. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಮತ್ತು ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ ಒಪ್ಪಿಗೆ ಕೊಟ್ಟರೆ ಬಲಗಡೆಯ ಅಂಕಿಗಳೇ ಮೌಸ್ ಆಗುತ್ತವೆ. 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ, 5 ಕ್ಲಿಕ್. ಕೀಲಿಮಣೆ ನಿಂತು ಮೌಸ್ ಉಳಿದರೆ ವಿಂಡೋಸ್‌ನ ಪ್ರವೇಶ ಪರದೆಯ ಬಲ ಮೂಲೆಯಲ್ಲಿರುವ ಸುಲಭ ಬಳಕೆಯ ಚಿಹ್ನೆಯನ್ನು ಒತ್ತಿ ಪರದೆಯ ಮೇಲೇ ಕೀಲಿಮಣೆ ತರಿಸಿಕೊಳ್ಳಬಹುದು.

ಇಷ್ಟಾದರೂ ನಿಸ್ತಂತು ಸಾಧನ ಬಳಸುವ ಪ್ರತಿ ಮನೆಯಲ್ಲೂ ತಂತಿಯಿರುವ ಹಳೆಯ ಮೌಸ್ ಮತ್ತು ಕೀಲಿಮಣೆಯ ಒಂದೊಂದು ಜೋಡಿ ಕಪಾಟಿನಲ್ಲಿರಬೇಕು. ವಿಂಡೋಸ್ ಏಳುವ ಮೊದಲಿನ ಬಯಾಸ್ ಪರದೆಯಲ್ಲಿ ಬ್ಲೂಟೂತ್ ಕೀಲಿಮಣೆ ಸಾಮಾನ್ಯವಾಗಿ ಕೆಲಸ ಮಾಡದು. ಅಲ್ಲಿ ಬಾಲವಿರುವವರೇ ಗತಿ.

ಗುಟ್ಟು ಕೇಳುವ ಕಿವಿಗಳು

ತಂದೆತಾಯಿಯರು ಗಮನಿಸಬೇಕಾದ ಒಂದು ಮಾತು ಉಳಿದಿದೆ. ನಿಸ್ತಂತು ಕೀಲಿಮಣೆಯಲ್ಲಿ ಒತ್ತಿದ ಪ್ರತಿ ಅಕ್ಷರವೂ ಗಾಳಿಯಲ್ಲಿ ಹಾದುಹೋಗುತ್ತದೆ. ಬ್ಯಾಂಕಿನ ಪಾಸ್‌ವರ್ಡೂ ಅದರಲ್ಲಿ ಸೇರಿದೆ. ಅದನ್ನು ಸಂಕೇತಭಾಷೆಗೆ ಬದಲಿಸಿ ಕಳಿಸಿದರೆ ಕದ್ದು ಕೇಳಿದವರಿಗೆ ಅರ್ಥವಾಗದು. ಅಮೆರಿಕದ ಬಾಸ್ಟಿಲ್ ಎಂಬ ಭದ್ರತಾ ಸಂಸ್ಥೆ 2016ರಲ್ಲಿ ಪರೀಕ್ಷಿಸಿದಾಗ, ಕೆಲವು ಅಗ್ಗದ ಕೀಲಿಮಣೆಗಳು ಸಂಕೇತವೇ ಇಲ್ಲದೆ ಅಕ್ಷರಗಳನ್ನು ಬಯಲಾಗಿ ಕಳಿಸುತ್ತಿದ್ದುದು ಕಂಡುಬಂತು. ಸುಮಾರು 250 ಅಡಿ ದೂರದಿಂದಲೂ ಅವನ್ನು ಓದಬಹುದೆಂದು ಅದು ಹೇಳಿತು. ಹೊಸ ಕೀಲಿಮಣೆ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ‘ಎನ್‌ಕ್ರಿಪ್ಷನ್’ ಎಂಬ ಪದ ಇದೆಯೇ ಎಂದು ನೋಡುವುದು ಒಳ್ಳೆಯದು. ಹೆಸರಿಲ್ಲದ ಕಂಪೆನಿಯ ಕೀಲಿಮಣೆಯನ್ನು ಆಟಕ್ಕೆ, ಪಾಠಕ್ಕೆ ಬಳಸಿದರೆ ತೊಂದರೆಯಿಲ್ಲ. ಹಣದ ವ್ಯವಹಾರಕ್ಕೆ ತಂತಿಯದೇ ವಾಸಿ.

ಹೊಸ ಕೋಶ, ಬೇರೆ ಕಿಂಡಿ, ಬೇರೆ ಗಣಕ, ಹೊಸ ಜೋಡಣೆ ಇಷ್ಟನ್ನೂ ನೋಡಿದ ಮೇಲೂ ಮೌಸ್ ಮೌನವಾಗಿದ್ದರೆ ಅದು ನಿಜಕ್ಕೂ ಹಾಳಾಗಿದೆ. ಆಗ ಹೊಸದು ಕೊಳ್ಳುವುದರಲ್ಲಿ ತಪ್ಪಿಲ್ಲ. ಖಾತರಿ ಅವಧಿ ಮುಗಿದಿಲ್ಲದಿದ್ದರೆ ಅಂಗಡಿಗೆ ಹೋಗಿ ಏನೇನು ಪರೀಕ್ಷಿಸಲಾಗಿದೆ ಎಂದು ಕ್ರಮವಾಗಿ ಹೇಳಿದರೆ ಅಂಗಡಿಯವನೂ ಮರುಮಾತಾಡಲಾರ.

ಈ ಪರೀಕ್ಷೆಗಳನ್ನು ಮಕ್ಕಳ ಕೈಯಿಂದಲೇ ಮಾಡಿಸಬೇಕು. ಏನು ಬದಲಿಸಿದೆ, ಏನಾಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದನ್ನು ಕಲಿಸಬೇಕು. ಆರೋಪಿಯನ್ನು ಮೊದಲೇ ನಿರ್ಧರಿಸಿ ಸಾಕ್ಷ್ಯವನ್ನು ಆಮೇಲೆ ಹುಡುಕುವ ಅಭ್ಯಾಸ ಮನೆಯಲ್ಲಿ ಸುಲಭವಾಗಿ ಬೆಳೆಯುತ್ತದೆ, ಅದಕ್ಕೆ ಬಲಿಯಾಗುವವರು ಹೆಚ್ಚಾಗಿ ಮಕ್ಕಳೇ. ಒಂದು ಬ್ಯಾಟರಿ ಬದಲಿಸಿ ಕಾರಣ ಕಂಡುಕೊಂಡ ಮಗು ಅಂದು ಕಲಿಯುವುದು ಮೌಸಿನ ದುರಸ್ತಿಯನ್ನಷ್ಟೇ ಅಲ್ಲ, ಊಹೆಗೂ ಪುರಾವೆಗೂ ಇರುವ ಅಂತರವನ್ನು.